ರೆಡ್ಮಿ 2ಕ್ಕೆ ಮೇನ್‌ಲೈನ್ ಕರ್ನಲ್: ಪ್ಯಾಕೇಜ್ ಕಟ್ಟಿ, ವೈಫೈ ಎಬ್ಬಿಸಿ, ಮುಂದೆಯೂ ನಡೆಸಿಕೊಂಡು ಹೋಗುವ ಕೆಲಸ

ಕೆಲಸದ ಗುರಿ ಸಣ್ಣದು. ಆಂಡ್ರಾಯ್ಡ್ ಬಿಡಿಸಿದ ಹಳೆಯ ರೆಡ್ಮಿ 2 ಒಂದು ತಿಕೋಟಾ ಕಡೆಯ ಒಣದ್ರಾಕ್ಷಿ ಶೆಡ್ಡಿನಲ್ಲಿ ಕೂರಬೇಕು. ಅಲ್ಲಿನ ಇಎಸ್‌ಪಿ8266 ಎಂಬ ಸಣ್ಣ ವೈಫೈ ಬೋರ್ಡುಗಳು ಕಳಿಸುವ ಉಷ್ಣಾಂಶ, ತೇವಾಂಶದ ಅಂಕಿಗಳನ್ನು ವೈಫೈ ಮೂಲಕ ತೆಗೆದುಕೊಂಡು ಬರೆದಿಡಬೇಕು. ಸೆನ್ಸರುಗಳ ಸಂದೇಶ ಪಡೆದು ಹಂಚುವ ಮಸ್ಕಿಟೋ ಬ್ರೋಕರ್ ನಡೆಸಲು 1 ಜಿಬಿ ರ್ಯಾಮ್ ಧಾರಾಳ. ಕಷ್ಟ ಇರುವುದು ಅದರ ಕೆಳಗಿನ ಕರ್ನಲ್‌ನಲ್ಲಿ, ಅಂದರೆ ಯಂತ್ರಾಂಶವನ್ನು ನಡೆಸುವ ಲಿನಕ್ಸ್ ತಿರುಳಿನಲ್ಲಿ, ಮತ್ತು ವೈಫೈನಲ್ಲಿ. ಒಮ್ಮೆ ಬೂಟ್ ಮಾಡಿಸುವುದಕ್ಕಿಂತ, ಎರಡು ವರ್ಷವಾದ ಮೇಲೂ ಅದೇ ಫೋನ್ ಹೊಸ ಕರ್ನಲ್ ಪಡೆದು ಏಳುವಂತೆ ಇಟ್ಟುಕೊಳ್ಳುವುದು ಹೆಚ್ಚಿನ ಕೆಲಸ. ಅದಕ್ಕೇ ಇಲ್ಲಿ ಫ್ಲ್ಯಾಶ್ ಮಾಡುವುದಕ್ಕಿಂತ ಪ್ಯಾಕೇಜ್ ಕಟ್ಟುವುದರ ಮಾತು ಜಾಸ್ತಿ.

ಈ ಫೋನನ್ನೇ ಆರಿಸಲು ಕಾರಣ ಅದರ ಚಿಪ್. ಸ್ನ್ಯಾಪ್‌ಡ್ರ್ಯಾಗನ್ 410, ಅಂದರೆ ಎಂಎಸ್‌ಎಂ8916: ನಾಲ್ಕು ಕಾರ್ಟೆಕ್ಸ್ ಎ53 ಕೋರ್‌ಗಳ 64 ಬಿಟ್ ಚಿಪ್. 2015ರ ಡ್ರ್ಯಾಗನ್‌ಬೋರ್ಡ್ 410ಸಿ ಬೋರ್ಡಿನಲ್ಲಿಯೂ ಇದೇ ಇದ್ದುದರಿಂದ ಮೇನ್‌ಲೈನ್, ಅಂದರೆ ಲಿನಕ್ಸ್‌ನ ಅಧಿಕೃತ ಮುಖ್ಯ ಕರ್ನಲ್‌ನಲ್ಲಿ ಇದರ ಬೇರು ಗಟ್ಟಿ. ಮೇಲೆ ಸಮುದಾಯದವರು ಎಂಎಸ್‌ಎಂ8916-ಮೇನ್‌ಲೈನ್ ಎಂಬ ಕರ್ನಲ್ ಮರವನ್ನೂ (ಮೂಲಸಂಕೇತದ ಸಂಗ್ರಹ), ಪೋಸ್ಟ್‌ಮಾರ್ಕೆಟ್‌ಓಎಸ್ ಎಂಬ ಫೋನ್ ಲಿನಕ್ಸ್‌ನ ಪ್ಯಾಕೇಜನ್ನೂ ನಡೆಸುತ್ತಾರೆ. ರೆಡ್ಮಿ 2ರ ಸಂಕೇತನಾಮ ಡಬ್ಲ್ಯೂಟಿ88047.

ಸಾಮಾನು

ವಿಜಯಪುರದ ಗಾಂಧಿ ಚೌಕದ ಸುತ್ತ ಸೆಕೆಂಡ್ ಹ್ಯಾಂಡ್ ಫೋನ್ ಹುಡುಕುವಾಗ ಪರದೆಯ ಗೀರು ನೋಡುತ್ತ ಕೂರಬೇಡಿ, ಮೈಕ್ರೋ ಯುಎಸ್‌ಬಿ ಪೋರ್ಟ್ ನೋಡಿ. "ಚಾರ್ಜ್ ಆಗ್ತೈತ್ರಿ, ಮತ್ತೇನ್ ಬೇಕ್ರಿ" ಎಂಬ ಮಾತು ಸಾಲದು. ಚಾರ್ಜಿಗೆ ಎರಡು ತಂತಿ ಸಾಕು, ಡೇಟಾಕ್ಕೆ ಇನ್ನೆರಡು ಬೇಕು. ಲ್ಯಾಪ್‌ಟಾಪ್ ಒಯ್ದು, ಪವರ್ ಮತ್ತು ವಾಲ್ಯೂಮ್ ಡೌನ್ ಒತ್ತಿ ಫಾಸ್ಟ್‌ಬೂಟ್‌ಗೆ (ಕೇಬಲ್ ಮೂಲಕ ಪಾರ್ಟಿಶನ್ ಬರೆಯುವ ಸ್ಥಿತಿ) ಹಾಕಿ, ಯುಎಸ್‌ಬಿ ಸಾಧನಗಳ ಪಟ್ಟಿ ತೆಗೆಯಿರಿ. 18ಡಿ1:ಡಿ00ಡಿ ಎಂಬ ಗುರುತು ಕಂಡರೆ ಪೋರ್ಟ್ ಸರಿಯಿದೆ. ಕಾಣದಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ, ಆಮೇಲೆ ಫೋನನ್ನು ಬೈಯಿರಿ.

ಬ್ಯಾಟರಿ ಬಿಎಂ44, 2200 ಎಂಎಎಚ್, ಕೈಯಿಂದಲೇ ತೆಗೆಯಬಹುದು. ಉಬ್ಬಿದ್ದರೆ ಬಳಸಲೇಬೇಡಿ. ಕಟ್ಟುವ ಯಂತ್ರಕ್ಕೆ 8 ಜಿಬಿ ರ್ಯಾಮ್ ಮತ್ತು ಸುಮಾರು 30 ಜಿಬಿ ಖಾಲಿ ಜಾಗವಿರುವ ಯಾವುದೇ ಲಿನಕ್ಸ್ ಲ್ಯಾಪ್‌ಟಾಪ್ ಆಗುತ್ತದೆ.

ಮುಟ್ಟುವ ಮೊದಲು ತೆಗೆದಿಡಬೇಕಾದ್ದು

ಟಿಡಬ್ಲ್ಯೂಆರ್‌ಪಿ ಎಂಬ ಬದಲಿ ರಿಕವರಿಯಿಂದ ಐದು ಪಾರ್ಟಿಶನ್‌ಗಳನ್ನು ಡಿಡಿ ಆದೇಶದ ಮೂಲಕ ನಕಲು ಮಾಡಿ: ಮೋಡೆಮ್, ಮೋಡೆಮ್‌ಎಸ್‌ಟಿ1, ಮೋಡೆಮ್‌ಎಸ್‌ಟಿ2, ಎಫ್‌ಎಸ್‌ಜಿ, ಪರ್ಸಿಸ್ಟ್. ನಡುವಿನ ಮೂರರಲ್ಲಿ ಐಎಂಇಐ ಮತ್ತು ರೇಡಿಯೊ ಮಾಹಿತಿ ಇದೆ. ಒಂದು ಫೋನಿನದು ಇನ್ನೊಂದಕ್ಕೆ ನಡೆಯುವುದಿಲ್ಲ, ಕಳೆದರೆ ಇಂಟರ್ನೆಟ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ. ಮೋಡೆಮ್ ಪಾರ್ಟಿಶನ್ ಮುಖ್ಯವಾಗುವುದು ವೈಫೈಗೆ. ವೈಫೈ ಫರ್ಮ್‌ವೇರ್, ಅಂದರೆ ವೈಫೈ ಚಿಪ್ಪಿನೊಳಗೆ ಓಡುವ ತಂತ್ರಾಂಶ, ಕೂತಿರುವುದು ಅಲ್ಲೇ. "ಸಿಮ್ ಹಾಕುವುದಿಲ್ಲವಲ್ಲ, ಮೋಡೆಮ್ ಯಾಕೆ" ಎಂದು ಅದನ್ನು ಅಳಿಸಿದವರ ಫೋನಿನಲ್ಲಿ ವೈಫೈ ಏಳುವುದಿಲ್ಲ.

ಎರಡನೇ ಬೂಟ್‌ಲೋಡರ್

ಕಂಪನಿಯ ಬೂಟ್‌ಲೋಡರ್‌ಗೆ (ಫೋನ್ ಏಳುವಾಗ ಕರ್ನಲ್ ತುಂಬುವ ತಂತ್ರಾಂಶ) ಮೇನ್‌ಲೈನ್ ಡಿವೈಸ್ ಟ್ರೀಯ, ಅಂದರೆ ಬೋರ್ಡಿನಲ್ಲಿ ಏನೇನಿದೆ ಎಂಬ ವಿವರಣೆಯ, ಪರಿಚಯವಿಲ್ಲ. ಅದರ ಮತ್ತು ಕರ್ನಲ್ಲಿನ ನಡುವೆ ಎಲ್‌ಕೆ2ಎನ್‌ಡಿ ಎಂಬ ಎರಡನೇ ಬೂಟ್‌ಲೋಡರ್ ಕೂರಿಸಬೇಕು. ಕಂಪನಿಯ ಫಾಸ್ಟ್‌ಬೂಟ್‌ನಲ್ಲಿ ಅದನ್ನು ಬೂಟ್ ಪಾರ್ಟಿಶನ್‌ಗೆ ಫ್ಲ್ಯಾಶ್ ಮಾಡಿ, ಮತ್ತೆ ಚಾಲೂ ಮಾಡುವಾಗ ವಾಲ್ಯೂಮ್ ಡೌನ್ ಹಿಡಿದರೆ ಎಲ್‌ಕೆ2ಎನ್‌ಡಿಯದೇ ಆದ ಫಾಸ್ಟ್‌ಬೂಟ್ ಬರುತ್ತದೆ. ಮುಂದಿನದೆಲ್ಲ ಇದರಿಂದಲೇ ನಡೆಯಬೇಕು. ಎಲ್‌ಕೆ2ಎನ್‌ಡಿ ಬೂಟ್ ಪಾರ್ಟಿಶನ್ನಿನ ಮೊದಲ 512 ಕಿಲೋಬೈಟ್ ತನಗೆ ಇಟ್ಟುಕೊಂಡು, ಕರ್ನಲ್ ಇಮೇಜನ್ನು ಅದರ ಆಚೆ ಬರೆಯುತ್ತದೆ. ಕಂಪನಿಯ ಫಾಸ್ಟ್‌ಬೂಟ್‌ನಿಂದ ಕರ್ನಲ್ ಬರೆದರೆ ಅದು ಸೊನ್ನೆಯಿಂದಲೇ ಶುರು ಮಾಡಿ ಎಲ್‌ಕೆ2ಎನ್‌ಡಿಯನ್ನು ನುಂಗಿಬಿಡುತ್ತದೆ. ಆಗ ಫೋನ್ ಲೋಗೋ ತೋರಿಸಿ ನಿಂತರೆ ಗಾಬರಿ ಬೇಡ. ಎಲ್‌ಕೆ2ಎನ್‌ಡಿ ಮತ್ತೆ ಫ್ಲ್ಯಾಶ್ ಮಾಡಿದರೆ ಮುಗಿಯಿತು.

ಇದರ ಇನ್ನೊಂದು ಉಪಕಾರ ಪರದೆಯದು. ಈ ಫೋನಿನ ಪರದೆ ಒಂದೇ ಕಂಪನಿಯದಲ್ಲ, ಹಲವು ಬಗೆಯ ಪ್ಯಾನೆಲ್‌ಗಳಿವೆ. ಮೊದಲ ಬೂಟ್‌ಲೋಡರ್ ಯಾವುದನ್ನು ಗುರುತಿಸಿತು ಎಂಬುದನ್ನು ಎಲ್‌ಕೆ2ಎನ್‌ಡಿ ಓದಿಕೊಂಡು ಡಿವೈಸ್ ಟ್ರೀಯಲ್ಲಿ ತಿದ್ದಿ ಕರ್ನಲ್ಲಿಗೆ ಕೊಡುತ್ತದೆ.

ಕರ್ನಲ್ ಪ್ಯಾಕೇಜಿನ ಒಳಗೆ

ಪೋಸ್ಟ್‌ಮಾರ್ಕೆಟ್‌ಓಎಸ್ ನಿಂತಿರುವುದು ಆಲ್ಪೈನ್ ಲಿನಕ್ಸ್ ಮೇಲೆ. ಹಾಗಾಗಿ ಕರ್ನಲ್ ಕೂಡ ಒಂದು ಎಪಿಕೆಬಿಲ್ಡ್ (ಪ್ಯಾಕೇಜ್ ಕಟ್ಟುವ ಸೂಚನೆಗಳ) ಕಡತ, ಪಕ್ಕದಲ್ಲಿ ಒಂದು ಕಾನ್ಫಿಗ್ (ಕರ್ನಲ್ ಆಯ್ಕೆಗಳ) ಕಡತ. ಕಟ್ಟುವ ಸಲಕರಣೆ ಪಿಎಂಬೂಟ್‌ಸ್ಟ್ರಾಪ್. ಮೊದಲು ಅದರ ಇನಿಟ್ ಆದೇಶದಲ್ಲಿ ಸಾಧನವನ್ನು ಆರಿಸಿ, ಬಳಕೆದಾರ ಮೇಲ್ಮೈ ಕೇಳಿದಾಗ ಕನ್ಸೋಲ್ ಎನ್ನಿ. ಶೆಡ್ಡಿನ ಫೋನಿಗೆ ಡೆಸ್ಕ್‌ಟಾಪ್ ಬೇಡ.

ಎಪಿಕೆಬಿಲ್ಡ್‌ನಲ್ಲಿ ಕಣ್ಣಿಡಬೇಕಾದ ಸಾಲುಗಳು ಕೆಲವೇ. ಪಿಕೆಜಿವರ್ ಎಂದರೆ ಕರ್ನಲ್ ಆವೃತ್ತಿ. ಪಿಕೆಜಿರೆಲ್ ಎಂದರೆ ಅದೇ ಆವೃತ್ತಿಯನ್ನು ಎಷ್ಟನೇ ಸಲ ಕಟ್ಟಿದ್ದು ಎಂಬ ಲೆಕ್ಕ. ಕಾನ್ಫಿಗ್ ಮಾತ್ರ ಬದಲಾದರೆ ಪಿಕೆಜಿರೆಲ್ ಒಂದು ಏರಬೇಕು, ಕರ್ನಲ್ ಆವೃತ್ತಿ ಬದಲಾದರೆ ಅದು ಸೊನ್ನೆಗೆ ಇಳಿಯಬೇಕು. ಏರಿಸಲು ಮರೆತರೆ ಪ್ಯಾಕೇಜ್ ಹಾಕುವ ಸಲಕರಣೆಯಾದ ಎಪಿಕೆ "ಇದೇ ಆವೃತ್ತಿ ಈಗಾಗಲೇ ಇದೆ" ಎಂದು ಸುಮ್ಮನಿರುತ್ತದೆ. ಹೊಸ ಕರ್ನಲ್ ಹಾಕಿದೆವು ಎಂದುಕೊಂಡು ಹಳೆಯದರಲ್ಲೇ ದೋಷ ಹುಡುಕುವ ಪ್ರಸಂಗ ಬರುವುದು ಹೀಗೆ. ಬೂಟ್ ಆದ ಮೇಲೆ ಯುನೇಮ್ ಆದೇಶದಲ್ಲಿ ಕಾಣುವ ಕಟ್ಟಿದ ದಿನಾಂಕ ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಆಯ್ಕೆಗಳ ಸಾಲಿನಲ್ಲಿ ಪಿಎಂಬಿ:ಕ್ರಾಸ್-ನೇಟಿವ್ ಇರಲೇಬೇಕು. ಅದಿದ್ದರೆ ಲ್ಯಾಪ್‌ಟಾಪಿನ ಸ್ವಂತ ವೇಗದಲ್ಲಿ, ಫೋನಿನ ಚಿಪ್ಪಿಗಾಗಿ ಕಟ್ಟುವ ಕ್ರಾಸ್ ಕಂಪೈಲರ್ ಓಡುತ್ತದೆ. ಇಲ್ಲದಿದ್ದರೆ ಕ್ಯುಇಎಂಯು ಎಂಬ ಚಿಪ್ ಅನುಕರಣೆ ನಡುವೆ ಬಂದು ಕರ್ನಲ್ ಕಟ್ಟುವುದು ನಿಧಾನವಾಗುತ್ತದೆ.

ಕಾನ್ಫಿಗ್ ಕಡತವನ್ನು ಕೈಯಿಂದ ತಿದ್ದಬೇಡಿ. ಪಿಎಂಬೂಟ್‌ಸ್ಟ್ರಾಪ್‌ನ ಕೆಕಾನ್ಫಿಗ್ ಎಡಿಟ್ ಬಳಸಿದರೆ ಮೆನು ತೆರೆಯುತ್ತದೆ, ಒಂದಕ್ಕೊಂದು ಅವಲಂಬಿಸಿದ ಆಯ್ಕೆಗಳು ತಾವೇ ಸರಿಹೋಗುತ್ತವೆ. ಕೈಯಿಂದ ತಿದ್ದಿದರೆ ಎಸ್‌ಎಚ್‌ಎ512 ಮೊತ್ತ (ಕಡತ ಬದಲಾಗಿದೆಯೇ ಎಂದು ತೋರಿಸುವ ಗುರುತು) ಹೊಂದದೆ ಕಟ್ಟುವಿಕೆ ಮೊದಲ ಹೆಜ್ಜೆಯಲ್ಲೇ ನಿಲ್ಲುತ್ತದೆ. ಅದನ್ನು ಚೆಕ್‌ಸಮ್ ಆದೇಶದಿಂದ ಸರಿಪಡಿಸಬಹುದು. ಆದರೆ ಅವಲಂಬನೆ ಸಿಗದ ಆಯ್ಕೆಯನ್ನು ಕರ್ನಲ್ ಸದ್ದಿಲ್ಲದೆ ಕೈಬಿಡುತ್ತದೆ, ಅದಕ್ಕೆ ಯಾವ ಮೊತ್ತವೂ ಎಚ್ಚರಿಸುವುದಿಲ್ಲ. ಮುಗಿದ ಮೇಲೆ ಕೆಕಾನ್ಫಿಗ್ ಚೆಕ್ ಒಮ್ಮೆ ಓಡಿಸಿ.

ಪ್ರಯೋಗದ ಹಂತದಲ್ಲಿ ಪ್ರತಿ ಸಲ ಮೂಲಸಂಕೇತದ ಗಂಟಾದ ಟಾರ್‌ಬಾಲ್ ಇಳಿಸುವ ಅಗತ್ಯವಿಲ್ಲ. ಬಿಲ್ಡ್ ಆದೇಶಕ್ಕೆ ಎಸ್‌ಆರ್‌ಸಿ ಆಯ್ಕೆ ಕೊಟ್ಟು ನಿಮ್ಮ ಗಿಟ್ ಮರದ ದಾರಿ ತೋರಿಸಿದರೆ ಅಲ್ಲಿಂದಲೇ ಕಟ್ಟಿ, ಆವೃತ್ತಿಯ ಕೊನೆಗೆ ದಿನಾಂಕ ಮತ್ತು ಸಮಯದ ಬಾಲ ಅಂಟಿಸುತ್ತದೆ. ಫೋನಿಗೆ ಸಾಗಿಸಲು ಸೈಡ್‌ಲೋಡ್ ಆದೇಶ. ಯುಎಸ್‌ಬಿ ಜಾಲದಲ್ಲಿ ಫೋನಿನ ವಿಳಾಸ 172.16.42.1. ನಿಮ್ಮ ಲ್ಯಾಪ್‌ಟಾಪಿನ ಸಹಿ ಕೀಲಿ ಫೋನಿನಲ್ಲಿ ಇಲ್ಲದಿದ್ದರೆ ಎಪಿಕೆ ನಂಬಲಾಗದ ಸಹಿ ಎಂದು ತಿರಸ್ಕರಿಸುತ್ತದೆ. ಮೊದಲ ಸಲ ಇನ್‌ಸ್ಟಾಲ್-ಕೀ ಆಯ್ಕೆ ಕೊಡಿ. ನಂಬದ ಪ್ಯಾಕೇಜನ್ನೂ ಒಪ್ಪು ಎಂಬ ಆಯ್ಕೆಯನ್ನು ರೂಢಿ ಮಾಡಿಕೊಳ್ಳಬೇಡಿ.

ವೈಫೈ: ಒಂದು ಡ್ರೈವರ್ ಅಲ್ಲ, ಒಂದು ಸರಪಳಿ

ಇಲ್ಲಿ ಬಹಳ ಜನ ದಾರಿ ತಪ್ಪುತ್ತಾರೆ. ಲ್ಯಾಪ್‌ಟಾಪಿನಲ್ಲಿ ವೈಫೈ ಎಂದರೆ ಒಂದು ಕಾರ್ಡು, ಒಂದು ಡ್ರೈವರ್. ಎಂಎಸ್‌ಎಂ8916ರಲ್ಲಿ ವೈಫೈ ನಡೆಸುವುದು ಮುಖ್ಯ ಚಿಪ್ಪಿನ ಒಳಗಿನ ಡಬ್ಲ್ಯೂಸಿಎನ್‌ಎಸ್‌ಎಸ್ ಎಂಬ ಇನ್ನೊಂದು ಪ್ರೊಸೆಸರ್. ಹೊರಗಿರುವ ಡಬ್ಲ್ಯೂಸಿಎನ್3620 ಬರೀ ರೇಡಿಯೊ. ಅದೂ 2.4 ಗಿಗಾಹರ್ಟ್ಸ್ ಮಾತ್ರ, 5 ಗಿಗಾಹರ್ಟ್ಸ್ ರೌಟರ್ ಇದಕ್ಕೆ ಕಾಣುವುದೇ ಇಲ್ಲ. ಇಎಸ್‌ಪಿ8266 ಕೂಡ 2.4 ಮಾತ್ರವಾದ್ದರಿಂದ ಈ ಕೆಲಸಕ್ಕೆ ಕೊರತೆಯಿಲ್ಲ.

ಏಳುವ ಕ್ರಮ ಹೀಗೆ. ಮೊದಲು ಉಪ ಪ್ರೊಸೆಸರ್‌ಗಳನ್ನು ಎಬ್ಬಿಸುವ ರಿಮೋಟ್‌ಪ್ರಾಕ್ ಡ್ರೈವರ್ ಡಬ್ಲ್ಯೂಸಿಎನ್‌ಎಸ್‌ಎಸ್ ಫರ್ಮ್‌ವೇರನ್ನು ನೆನಪಿಗೆ ತುಂಬುತ್ತದೆ. ಚಿಪ್ಪಿನ ಭದ್ರತಾ ಭಾಗವಾದ ಟ್ರಸ್ಟ್‌ಝೋನ್ ಅದರ ಸಹಿ ನೋಡಿ ಒಪ್ಪಿದರೆ ಆ ಪ್ರೊಸೆಸರ್ ಚಾಲೂ ಆಗುತ್ತದೆ. ಆಮೇಲೆ ಪ್ರೊಸೆಸರ್‌ಗಳ ನಡುವಿನ ಎಸ್‌ಎಂಡಿ ಮಾರ್ಗದಲ್ಲಿ ಡಬ್ಲ್ಯೂಸಿಎನ್‌ಎಸ್‌ಎಸ್ ಕಂಟ್ರೋಲ್ ಡ್ರೈವರ್ ಅದರೊಡನೆ ಮಾತಾಡಿ ಎನ್‌ವಿ ಕಡತವನ್ನು ಕಳಿಸುತ್ತದೆ. ಈ ಬೋರ್ಡಿನ ಆಂಟೆನಾ ಮತ್ತು ಪ್ರಸಾರ ಶಕ್ತಿಯ ಹೊಂದಾಣಿಕೆ ಇರುವುದು ಅದರಲ್ಲಿ. ಕೊನೆಗೆ ಡಬ್ಲ್ಯೂಸಿಎನ್36ಎಕ್ಸ್‌ಎಕ್ಸ್ ಡ್ರೈವರ್ ಬಂದು ಡಬ್ಲ್ಯೂಲ್ಯಾನ್0 ಎಂಬ ವೈಫೈ ಸಾಧನ ಕಾಣಿಸುತ್ತದೆ. ಡಬ್ಲ್ಯೂಲ್ಯಾನ್0 ಇಲ್ಲ ಎಂದಾಗ ಈ ನಾಲ್ಕರಲ್ಲಿ ಎಲ್ಲಿ ಕಡಿದಿದೆ ಎಂದು ಕರ್ನಲ್ ಲಾಗ್ ತೋರಿಸುವ ಡಿಮೆಸೆಜ್‌ನಲ್ಲಿ ನೋಡಬೇಕು. ಕೊನೆಯ ಡ್ರೈವರನ್ನು ತೆಗೆದು ಹಾಕಿ ಮಾಡುತ್ತಿದ್ದರೆ ಏನೂ ಆಗುವುದಿಲ್ಲ.

ಫರ್ಮ್‌ವೇರ್ ತುಂಬಲಾಗಲಿಲ್ಲ, ದೋಷ ಮೈನಸ್ 2 ಎಂದಿದ್ದರೆ ಕಡತ ಸಿಗಲಿಲ್ಲ ಎಂದರ್ಥ. ಕಾರಣ ಎರಡರಲ್ಲೊಂದು. ಮೋಡೆಮ್ ಪಾರ್ಟಿಶನ್ ಜೋಡಣೆಯಾಗಿಲ್ಲ, ಅಥವಾ ಡ್ರೈವರನ್ನು ಮಾಡ್ಯೂಲ್ (ಆಮೇಲೆ ತುಂಬುವ ಬೇರೆ ಕಡತ) ಮಾಡದೆ ಕರ್ನಲ್ಲಿನೊಳಗೇ ಸೇರಿಸಲಾಗಿದೆ. ಒಳಗೇ ಸೇರಿದ ಡ್ರೈವರ್ ರೂಟ್ ಕಡತವ್ಯವಸ್ಥೆ ಬರುವ ಮೊದಲೇ ಫರ್ಮ್‌ವೇರ್ ಕೇಳುತ್ತದೆ, ಸಿಗದೆ ಕೈಬಿಡುತ್ತದೆ. ಹಾಗಾಗಿ ಡಬ್ಲ್ಯೂಸಿಎನ್‌ಎಸ್‌ಎಸ್ ಪಿಐಎಲ್ (ಮೇಲಿನ ರಿಮೋಟ್‌ಪ್ರಾಕ್ ಡ್ರೈವರ್), ಡಬ್ಲ್ಯೂಸಿಎನ್‌ಎಸ್‌ಎಸ್ ಕಂಟ್ರೋಲ್, ಡಬ್ಲ್ಯೂಸಿಎನ್36ಎಕ್ಸ್‌ಎಕ್ಸ್ ಈ ಮೂರೂ ಕಾನ್ಫಿಗ್‌ನಲ್ಲಿ ಎಂ (ಮಾಡ್ಯೂಲ್) ಆಗಿರಲಿ, ವೈ (ಕರ್ನಲ್ಲಿನೊಳಗೇ) ಬೇಡ.

ದೋಷ ಮೈನಸ್ 22 ಆಗಿ ಸಹಿಯ ಹಂತದಲ್ಲಿ ನಿಂತರೆ ಬಹುತೇಕ ಬೇರೆ ಫೋನಿನ ಫರ್ಮ್‌ವೇರ್ ಬಂದು ಕೂತಿದೆ. ಫರ್ಮ್‌ವೇರ್ ಮೇಲಿನ ಸಹಿ ಫೋನ್ ತಯಾರಕರದು. ಚಿಪ್ ಒಂದೇ ಎಂದು ಪಕ್ಕದ ಮಾಡೆಲ್ಲಿನ ಕಡತ ಹಾಕಿದರೆ ಒಪ್ಪದಿರಬಹುದು. ಪ್ಯಾಕೇಜಿನ ದೃಷ್ಟಿಯಿಂದ ಇದಕ್ಕೆ ಒಳ್ಳೆಯ ಪರಿಹಾರ ಎಂಎಸ್‌ಎಂ-ಫರ್ಮ್‌ವೇರ್-ಲೋಡರ್. ಅದು ಬೂಟ್ ಸಮಯದಲ್ಲಿ ಫೋನಿನದೇ ಮೋಡೆಮ್ ಪಾರ್ಟಿಶನ್ ತೆರೆದು ಅಲ್ಲಿನ ಕಡತಗಳಿಗೆ ಕೊಂಡಿ ಹಾಕುತ್ತದೆ. ಫರ್ಮ್‌ವೇರ್ ಮುಚ್ಚಿದ ಪರವಾನಗಿಯದು, ಹಂಚುವ ಹಕ್ಕು ನಮಗಿಲ್ಲ. ಫೋನಿನಲ್ಲಿ ಇರುವುದನ್ನೇ ಓದಿದರೆ ಆ ತಕರಾರೂ ತಪ್ಪಿತು, ಸಹಿಯ ತಕರಾರೂ ತಪ್ಪಿತು.

ಎನ್‌ವಿ ಕಡತ ಸಿಗದಿದ್ದರೆ ಲಾಗ್‌ನಲ್ಲಿ ನೇರ ಸಾಲು ಬರುತ್ತದೆ, ಹಿಡಿಯುವುದು ಸುಲಭ. ತಪ್ಪು ಎನ್‌ವಿ ಹೆಚ್ಚು ಕಾಡುತ್ತದೆ. ಎಲ್ಲವೂ ಏಳುತ್ತದೆ, ಜಾಲಗಳ ಪಟ್ಟಿಯೂ ಬರುತ್ತದೆ, ಆದರೆ ರೌಟರಿನ ಪಕ್ಕ ಹೋದರೆ ಮಾತ್ರ ಜೋಡಣೆಯಾಗುತ್ತದೆ. ತಗಡಿನ ಶೆಡ್ಡಿನಲ್ಲಿ ಇದನ್ನು "ತಗಡು ಅಡ್ಡ ಬರ್ತೈತಿ" ಎಂದು ತಳ್ಳಿಹಾಕುವುದು ಬಲು ಸುಲಭ. ಬಯಲಲ್ಲಿ ಹತ್ತು ಮೀಟರ್ ದೂರದಿಂದ ಐಡಬ್ಲ್ಯೂ ಲಿಂಕ್ ಆದೇಶದಲ್ಲಿ ಸಿಗ್ನಲ್ ನೋಡಿ, ಪಕ್ಕದಲ್ಲಿ ಇನ್ನೊಂದು ಮಾಮೂಲಿ ಫೋನ್ ಹಿಡಿದು ಹೋಲಿಸಿ. 20 ಡಿಬಿ ವ್ಯತ್ಯಾಸ ಕಂಡರೆ ತಗಡನ್ನು ಬಿಟ್ಟು ಎನ್‌ವಿಯನ್ನು ಅನುಮಾನಿಸಿ.

ಡಿವೈಸ್ ಟ್ರೀಯಲ್ಲಿ ರೇಡಿಯೊ ಹೆಸರೂ ಸರಿಯಿರಬೇಕು. ಹೊಸ ಫೋನಿಗೆ ಟ್ರೀ ಬರೆಯುವವರು ಪಕ್ಕದ ಮಾಡೆಲ್ಲಿನಿಂದ ನಕಲು ಮಾಡುವಾಗ ರೇಡಿಯೊ ಯಾವುದೆಂದು ಹೇಳುವ ಐರಿಸ್ ನೋಡ್‌ನಲ್ಲಿ 3620 ಬದಲು 3660 ಅಥವಾ 3680 ಉಳಿದುಬಿಡುತ್ತದೆ.

ಇನ್ನು ದೇಶದ ಗುರುತು. ವೈರ್‌ಲೆಸ್-ರೆಗ್‌ಡಿಬಿ ಪ್ಯಾಕೇಜ್ ಹಾಕಿ, ದೇಶ ಐಎನ್ ಎಂದು ಹೊಂದಿಸಿ. ಹೊಂದಿಸದಿದ್ದರೆ ಕರ್ನಲ್ ಪ್ರಪಂಚಕ್ಕೆಲ್ಲ ಒಂದೇ ಎಂಬ 00 ಪಟ್ಟಿ ಹಿಡಿದಿರುತ್ತದೆ. ಅದರಲ್ಲಿ 12 ಮತ್ತು 13ನೇ ಚಾನೆಲ್‌ಗಳಲ್ಲಿ ತಾನಾಗಿ ಪ್ರಸಾರ ಶುರು ಮಾಡುವಂತಿಲ್ಲ. ಫೋನನ್ನೇ ಹಾಟ್‌ಸ್ಪಾಟ್ ಮಾಡುವವರು 1, 6, 11ರಲ್ಲಿ ಒಂದನ್ನು ಹಿಡಿದರೆ ಈ ಗೋಜೇ ಇಲ್ಲ.

ಇಷ್ಟಾದ ಮೇಲೂ ನಿಮಿಷಕ್ಕೊಮ್ಮೆ ಪಿಂಗ್ ಏರಿಳಿದರೆ ವಿದ್ಯುತ್ ಉಳಿತಾಯ ಆಫ್ ಮಾಡಿ. ನೆಟ್‌ವರ್ಕ್‌ಮ್ಯಾನೇಜರ್‌ನಲ್ಲಿ ವೈಫೈ ಪವರ್‌ಸೇವ್ ಬೆಲೆ 2 ಎಂದರೆ ಆಫ್ ಎಂದರ್ಥ. ಜೊತೆಗೆ ಫೋನನ್ನು ಎರಡು ಮೂರು ಸಲ ರೀಬೂಟ್ ಮಾಡಿ ಮ್ಯಾಕ್ ವಿಳಾಸ ಒಂದೇ ಇದೆಯೇ ನೋಡಿ. ಬದಲಾಗುತ್ತಿದ್ದರೆ ರೌಟರಿನಲ್ಲಿ ಕಾಯ್ದಿರಿಸಿದ ಐಪಿ ಸಿಗದೆ ಸೆನ್ಸರುಗಳು ಗಾಳಿಗೆ ಮಾತಾಡುತ್ತಿರುತ್ತವೆ.

ಡಬ್ಲ್ಯೂಸಿಎನ್‌ಎಸ್‌ಎಸ್ ಪ್ರೊಸೆಸರ್ ನಡುವೆ ಬಿದ್ದುಹೋದರೆ ಇಡೀ ಫೋನ್ ರೀಬೂಟ್ ಬೇಕಿಲ್ಲ. ಕರ್ನಲ್ ಸ್ಥಿತಿ ತೋರಿಸುವ ಸಿಸ್‌ಎಫ್‌ಎಸ್‌ನ ರಿಮೋಟ್‌ಪ್ರಾಕ್ ವಿಭಾಗದಲ್ಲಿ ನೇಮ್ ಕಡತ ನೋಡಿ ಅದರ ಸಂಖ್ಯೆ ಹುಡುಕಿ, ಸ್ಟೇಟ್ ಕಡತಕ್ಕೆ ಸ್ಟಾಪ್, ಆಮೇಲೆ ಸ್ಟಾರ್ಟ್ ಬರೆಯಿರಿ. ಸಂಖ್ಯೆಯನ್ನು ಸ್ಕ್ರಿಪ್ಟ್‌ನಲ್ಲಿ ಕಾಯಂ ಬರೆದಿಡಬೇಡಿ, ಮೋಡೆಮ್ ಮೊದಲು ಎದ್ದರೆ ಅದು ಬದಲಾಗುತ್ತದೆ.

ಹೊರಗಿನ ಡಾಂಗಲ್, ಮರದ ಹೊರಗಿನ ಡ್ರೈವರ್

5 ಗಿಗಾಹರ್ಟ್ಸ್ ಬೇಕೆನ್ನುವವರು ಒಟಿಜಿಯಲ್ಲಿ ರಿಯಲ್‌ಟೆಕ್ ಡಾಂಗಲ್ ಹಾಕುತ್ತಾರೆ. ಮೊದಲ ಮಾತು: ಸ್ವಂತ ವಿದ್ಯುತ್ ಇರುವ ಯುಎಸ್‌ಬಿ ಹಬ್ ಇರಲಿ. ಎರಡನೇ ಮಾತು: ಡಾಂಗಲ್ 0ಬಿಡಿಎ:1ಎ2ಬಿ ಎಂದು ಕಂಡರೆ ಅದು ಇನ್ನೂ ಸಿಡಿ ಡ್ರೈವ್ ವೇಷದಲ್ಲಿದೆ, ಯುಎಸ್‌ಬಿ-ಮೋಡ್‌ಸ್ವಿಚ್ ಬೇಕು. ಆಮೇಲೆ ಕರ್ನಲ್ಲಿನಲ್ಲೇ ಇರುವ ಆರ್‌ಟಿಡಬ್ಲ್ಯೂ88 ನಡೆಯುತ್ತದೆಯೇ ನೋಡಿ. ಕರ್ನಲ್ 6.2ರಿಂದ ಅದರಲ್ಲಿ 8821ಸಿಯು, 8822ಬಿಯು ಮುಂತಾದ ಯುಎಸ್‌ಬಿ ಚಿಪ್‌ಗಳಿವೆ, ಆಮೇಲಿನ ಆವೃತ್ತಿಗಳಲ್ಲಿ 8812ಎಯು ಕೂಡ ಸೇರಿದೆ. ವೇಗ ಸ್ವಲ್ಪ ಕಡಿಮೆಯಾದರೂ ಅದನ್ನೇ ಆರಿಸಿ. ಕರ್ನಲ್ ಮರಕ್ಕೆ ಸೇರದ, ಮರದ ಹೊರಗಿನ ಡ್ರೈವರ್ ಸಾಕುವುದು ಸಾಲ ಮಾಡಿದಂತೆ, ಪ್ರತಿ ಕರ್ನಲ್ ಬಿಡುಗಡೆಗೂ ಬಡ್ಡಿ ಕೇಳುತ್ತದೆ.

ಬಡ್ಡಿಯ ಲೆಕ್ಕ ನೋಡಿ. 6.1ರಲ್ಲಿ ಕರ್ನಲ್ಲಿನ ವೈಫೈ ಪದರವಾದ ಸಿಎಫ್‌ಜಿ80211ರ ಕೀಲಿ ಸೇರಿಸುವ, ತೆಗೆಯುವ ಫಂಕ್ಷನ್‌ಗಳಿಗೆ ಲಿಂಕ್ ಐಡಿ ಎಂಬ ಹೊಸ ಆರ್ಗ್ಯುಮೆಂಟ್ ಬಂತು, ಪ್ರ್ಯಾಂಡಮ್_ಯು32 ಫಂಕ್ಷನ್ ಹೋಯಿತು. 6.8ರಲ್ಲಿ ಅಕ್ಷರಸಾಲು ನಕಲಿಸುವ ಎಸ್‌ಟಿಆರ್‌ಎಲ್‌ಸಿಪಿವೈ ಹೋಯಿತು. ಅದರ ಜಾಗಕ್ಕೆ ಎಸ್‌ಟಿಆರ್‌ಎಸ್‌ಸಿಪಿವೈ ಹಾಕುವಾಗ ಮರಳಿಸುವ ಬೆಲೆ ಬೇರೆ ಎಂಬುದನ್ನು ಗಮನಿಸಬೇಕು: ಮೊದಲಿನದು ಮೂಲದ ಉದ್ದ ಕೊಡುತ್ತಿತ್ತು, ಈಗಿನದು ಜಾಗ ಸಾಲದಿದ್ದರೆ ಋಣ ಸಂಖ್ಯೆ ಕೊಡುತ್ತದೆ. 6.12ರಲ್ಲಿ ಅನ್‌ಅಲೈನ್ಡ್ ಹೆಡರ್ ಎಎಸ್‌ಎಂ ಕೋಶದಿಂದ ಲಿನಕ್ಸ್ ಕೋಶಕ್ಕೆ ಸರಿಯಿತು. 6.15ರಲ್ಲಿ ಡೆಲ್_ಟೈಮರ್_ಸಿಂಕ್ ಹೋಗಿ ಟೈಮರ್_ಡಿಲೀಟ್_ಸಿಂಕ್ ಉಳಿಯಿತು, ಅದೇ ಬಿಡುಗಡೆಯಲ್ಲಿ ಎಕ್ಸ್‌ಟ್ರಾ_ಸಿಎಫ್ಲ್ಯಾಗ್ಸ್ ಬೆಂಬಲವೂ ಹೋಯಿತು. ಈ ಕೊನೆಯದು ಮೋಸ ಮಾಡುತ್ತದೆ. ಮೇಕ್ ಕಡತದಲ್ಲಿನ ಆ ಸಾಲನ್ನು ಕರ್ನಲ್ ಕಟ್ಟುವ ವ್ಯವಸ್ಥೆಯಾದ ಕೆಬಿಲ್ಡ್ ಸುಮ್ಮನೆ ಕಡೆಗಣಿಸುತ್ತದೆ. ದೋಷವಾಗಿ ಕಾಣುವುದು ಡ್ರೈವರಿನದೇ ಹೆಡರ್ ಕಡತ ಸಿಗಲಿಲ್ಲ ಎಂಬ ಸಾಲು. ಕಡತ ಅಲ್ಲೇ ಇರುತ್ತದೆ, ಹುಡುಕುವ ದಾರಿ ಮಾತ್ರ ಕಳೆದಿರುತ್ತದೆ. ಸಿಸಿಫ್ಲ್ಯಾಗ್ಸ್-ವೈ ಎಂದು ಬದಲಿಸಿದರೆ ಸರಿ. ಕರ್ನಲ್ ಕಟ್ಟುವಾಗ ಹೊಂದದ ಪಾಯಿಂಟರ್‌ಗಳು ದೋಷವಾಗಿ ನಿಲ್ಲುತ್ತವೆ. ಆ ದೋಷವನ್ನು ಫ್ಲ್ಯಾಗ್ ಹಾಕಿ ಬಾಯಿ ಮುಚ್ಚಿಸಬೇಡಿ. ಹೊಂದದ ಫಂಕ್ಷನ್ ಪಾಯಿಂಟರ್ ಎಂದರೆ ಪಾಸ್‌ವರ್ಡ್ ಒಪ್ಪುವ ಕ್ಷಣದಲ್ಲಿ ಕರ್ನಲ್ ಬೀಳಬಹುದು.

ಆಲ್ಪೈನ್‌ನಲ್ಲಿ ಎಕೆಎಂಎಸ್ ಎಂಬ ಸಲಕರಣೆ ಫೋನಿನಲ್ಲೇ ಮಾಡ್ಯೂಲ್ ಕಟ್ಟಬಲ್ಲದು. 1 ಜಿಬಿ ಫೋನಿನಲ್ಲಿ ಆ ದಾರಿ ಬೇಡ. ಲ್ಯಾಪ್‌ಟಾಪಿನಲ್ಲಿ ಕಟ್ಟಿ ಬೇರೆ ಪ್ಯಾಕೇಜ್ ಮಾಡಿ, ಅದರ ಅವಲಂಬನೆಯಲ್ಲಿ ಕರ್ನಲ್ ಪ್ಯಾಕೇಜಿನ ನಿಖರ ಆವೃತ್ತಿ ಮತ್ತು ರೆಲ್ ಸಂಖ್ಯೆ ಬರೆಯಿರಿ. ಆಗ ಕರ್ನಲ್ ಏರಿ ಡ್ರೈವರ್ ಹಿಂದುಳಿದರೆ ಎಪಿಕೆಯೇ ತಡೆಯುತ್ತದೆ. ಹಾಗೆ ಬರೆಯದಿದ್ದರೆ ತಡೆಯುವುದು ಕರ್ನಲ್, "ಎಕ್ಸೆಕ್ ಫಾರ್ಮ್ಯಾಟ್" ದೋಷ ಕೊಟ್ಟು, ಫೋನ್ ಶೆಡ್ಡಿನಲ್ಲಿ ಕೂತ ಮೇಲೆ.

ಆವೃತ್ತಿ ಏರಿಸುವಾಗ

ದೀರ್ಘಕಾಲ ನಡೆಯುವ ಸರಣಿ ಹಿಡಿಯಿರಿ. 2023ರ 6.6, 2024ರ 6.12 ಅಂಥವು. ಸರಣಿಯೊಳಗಿನ ಸಣ್ಣ ಏರಿಕೆಗೆ ಆವೃತ್ತಿ ಸಂಖ್ಯೆ, ಮೊತ್ತ ಬದಲಿಸಿದರೆ ಸಾಕಾಗುತ್ತದೆ. 6.6ರಿಂದ 6.12ಕ್ಕೆ ಹಾರುವಾಗ ಮೂರು ಕೆಲಸ. ಸ್ವಂತ ಪ್ಯಾಚ್‌ಗಳನ್ನು ರೀಬೇಸ್ ಮಾಡಿ (ಹೊಸ ಆವೃತ್ತಿಯ ಮೇಲೆ ಮತ್ತೆ ಕೂರಿಸಿ), ಗಿಟ್‌ನ ರೇಂಜ್-ಡಿಫ್‌ನಲ್ಲಿ ಮೊದಲಿನದರೊಡನೆ ಹೋಲಿಸಿ, ಮೇನ್‌ಲೈನ್ ಮರಕ್ಕೆ ಈಗಾಗಲೇ ಸೇರಿದ ಪ್ಯಾಚ್ ಬಿಟ್ಟುಬಿಡಿ. ಎರಡನೆಯದು ಕಾನ್ಫಿಗ್. ಹಳೆಯ ಕಾನ್ಫಿಗ್ ಹೊಸದಕ್ಕೆ ಹೊಂದಿಸುವ ಓಲ್ಡ್‌ಡೆಫ್‌ಕಾನ್ಫಿಗ್ ಆದೇಶ ಹೊಸ ಆಯ್ಕೆಗಳಿಗೆ ತನಗೆ ತೋಚಿದ ಉತ್ತರ ಬರೆಯುತ್ತದೆ, ಹೆಸರು ಬದಲಾದ ಹಳೆಯವನ್ನು ಅಳಿಸುತ್ತದೆ. ಅದರ ಮುಂಚಿನ, ನಂತರದ ಕಡತಗಳನ್ನು ಕರ್ನಲ್ ಮರದ ಡಿಫ್‌ಕಾನ್ಫಿಗ್ ಸ್ಕ್ರಿಪ್ಟ್‌ನಿಂದ ಹೋಲಿಸಿ, ಮೈನಸ್ ಗುರುತಿನ ಪ್ರತಿ ಸಾಲನ್ನೂ ಓದಿ. ಮೂರನೆಯದು, ಕೆಟ್ಟರೆ ಬೈಸೆಕ್ಟ್, ಅಂದರೆ ಬದಲಾವಣೆಗಳನ್ನು ಅರ್ಧರ್ಧ ಮಾಡುತ್ತ ಕೆಡಿಸಿದ್ದನ್ನು ಹುಡುಕುವುದು. ಒಂದು ಬಿಡುಗಡೆಯಿಂದ ಮುಂದಿನದಕ್ಕೆ ಸುಮಾರು 14 ಹಂತ ಸಾಕು, ಹಿಂದೆ ಕಟ್ಟಿದ ಭಾಗಗಳನ್ನು ಉಳಿಸಿಡುವ ಸಿಕ್ಯಾಶ್ ಇದ್ದರೆ ಪ್ರತಿ ಹಂತ ಹಗುರ.

ಫೋನಿನಲ್ಲಿ ಅಪ್‌ಗ್ರೇಡ್ ಆದ ಕೂಡಲೇ ಹಳೆಯ ಮಾಡ್ಯೂಲ್ ಕೋಶ ಅಳಿಯುತ್ತದೆ. ರೀಬೂಟ್ ಆಗುವತನಕ ಓಡುತ್ತಿರುವುದು ಹಳೆಯ ಕರ್ನಲ್, ಡಿಸ್ಕಿನಲ್ಲಿರುವುದು ಹೊಸ ಮಾಡ್ಯೂಲ್. ಆ ನಡುವೆ ಡಾಂಗಲ್ ಚುಚ್ಚಿದರೆ ಏಳುವುದಿಲ್ಲ. ಹಳೆಯ ಎಪಿಕೆ ಕಡತವನ್ನು ಫೋನಿನಲ್ಲೇ ಒಂದು ಕಡೆ ಉಳಿಸಿ, ಯುಎಸ್‌ಬಿ ಜಾಲದಿಂದ ಒಳಗೆ ಹೋಗಿ ಅದನ್ನೇ ಮತ್ತೆ ಹಾಕಿದರೆ ಹಿಂದಕ್ಕೆ ಬರಬಹುದು. ಸಮುದಾಯದ ಭಂಡಾರದಲ್ಲಿ ಹೆಚ್ಚಿನ ಆವೃತ್ತಿ ಬಂದರೆ ನೀವು ಕಟ್ಟಿದ್ದನ್ನು ಅದು ಮೆಟ್ಟಿ ಕೂರುತ್ತದೆ, ಬೇಡವಾದರೆ ಆವೃತ್ತಿಯನ್ನು ಎಪಿಕೆ ಆದೇಶದಲ್ಲೇ ಗಟ್ಟಿ ಮಾಡಿ. ಮತ್ತೆ, ವೈಫೈ ಮೇಲೆ ಕೂತು ಅದೇ ವೈಫೈನ ಕರ್ನಲ್ ಏರಿಸಬ್ಯಾಡ್ರಿ. ಕೇಬಲ್ ಹಿಡಿದು ಶೆಡ್ಡಿಗೆ ಹೋಗಿ ಮಾಡಿ.

ಬೇಸಿಗೆಯಲ್ಲಿ ವಿಜಯಪುರದ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ, ತಗಡಿನ ಕೆಳಗೆ ಇನ್ನೂ ಹೆಚ್ಚು. ಈ ಚಿಪ್ಪಿನ ಮೇನ್‌ಲೈನ್ ಡಿವೈಸ್ ಟ್ರೀಯಲ್ಲಿ ಸಿಪಿಯು 75 ಡಿಗ್ರಿಗೆ ವೇಗ ಇಳಿಸಲು ಶುರು ಮಾಡುತ್ತದೆ. ಚಿಪ್ ತಡೆದುಕೊಳ್ಳುತ್ತದೆ, ದಿನವಿಡೀ ಚಾರ್ಜರಿನಲ್ಲೇ ಇರುವ ಬ್ಯಾಟರಿ ತಡೆದುಕೊಳ್ಳುವುದಿಲ್ಲ. ಹಿಂಬದಿ ಮುಚ್ಚಳ ತೆಗೆದು, ತಗಡಿನಿಂದ ದೂರ, ಗಾಳಿಯಾಡುವ ಕಡೆ ನೇತುಹಾಕಿ. ಚಾರ್ಜರಿಗೆ ಟೈಮರ್ ಪ್ಲಗ್ ಹಾಕಿ. ಅಪ್‌ಗ್ರೇಡಿಗೆ ಹೋದಾಗಲೆಲ್ಲ ಬ್ಯಾಟರಿ ತೆಗೆದು ಸಮತಟ್ಟಾದ ಕಲ್ಲಿನ ಮೇಲಿಟ್ಟು ತಿರುಗಿಸಿ ನೋಡಿ. ಗಿರಗಿರ ತಿರುಗಿದರೆ ಅದು ಉಬ್ಬಿದೆ, ಬದಲಿಸಿ.

ಡಿವೈಸ್ ಟ್ರೀಯಲ್ಲಿ ಮಾಡಿದ ತಿದ್ದುಪಡಿಯನ್ನು ಮಾತ್ರ ನಿಮ್ಮ ಪ್ಯಾಕೇಜಿನಲ್ಲಿ ಪ್ಯಾಚ್ ಮಾಡಿ ಇಟ್ಟುಕೊಳ್ಳಬೇಡಿ. ಡಿವೈಸ್ ಟ್ರೀ ಪರೀಕ್ಷಿಸುವ ಡಿಟಿಬಿಎಸ್_ಚೆಕ್ ಓಡಿಸಿ, ಚೆಕ್‌ಪ್ಯಾಚ್ ಸ್ಕ್ರಿಪ್ಟ್ ದಾಟಿಸಿ, ಗೆಟ್_ಮೇಂಟೇನರ್ ಹೇಳುವ ವಿಳಾಸಗಳಿಗೆ ಸೈನ್ಡ್-ಆಫ್-ಬೈ ಸಾಲಿನೊಡನೆ ಕಳಿಸಿ. ಅದು ಮೇನ್‌ಲೈನ್‌ಗೆ ಸೇರಿದ ಬಿಡುಗಡೆಯಿಂದ ಮುಂದಕ್ಕೆ ರೀಬೇಸ್ ಪಟ್ಟಿಯಲ್ಲಿ ಒಂದು ಪ್ಯಾಚ್ ಕಡಿಮೆ.